ಈರಭದ್ರಪ್ಪನವರ ಬೆಳ್ಳಿ ಮಾತ್ರೆ

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಈರಭದ್ರಪ್ಪನವರಲ್ಲಿ ವೀರಭದ್ರನ ಅಂಶ ಹೆಸರಿನಲ್ಲಷ್ಟೇ ಇತ್ತು. ದಕ್ಷನ ತಲೆ ತರಿದ ದೇವರ ಹೆಸರು ಹೊತ್ತು ಇವರು ಜೀವಮಾನವಿಡೀ ತರಿದದ್ದು ಮಾತ್ರೆಯ ಪಟ್ಟಿಗಳನ್ನು, ಅದೂ ಮೊಂಡು ಕತ್ತರಿಯಲ್ಲಿ. ಅಂಥವರು ಒಂದೇ ಒಂದು ಯುದ್ಧ ಮಾಡಿದರು. ಸೋತರು.

ಎಂಬತ್ತರ ದಶಕದ ಮೊದಲಲ್ಲಿ ಸಹಕಾರ ಸಂಘವೊಂದು ಬಡವರಿಗೆ ಅರ್ಧ ಬೆಲೆಯ ಔಷಧಿ ಮಾರುವ ಕೆಲಸವನ್ನು ಇವರಿಗೆ ವಹಿಸಿತು. ಡಬ್ಬಿಯಲ್ಲಿ ಬಿಡಿ ಮಾತ್ರೆ. ಕಂದು ಕಾಗದದಲ್ಲಿ ಕಟ್ಟಿಕೊಡಬೇಕು. ಈರಭದ್ರಪ್ಪನವರು ಅಂಗಡಿ ತೊಳೆಸಿ, ಡಬ್ಬಿಗಳಿಗೆ ವಿಭೂತಿ ಹಚ್ಚಿ, ಬಡವರ ದಂಡಿಗಾಗಿ ಕಾದರು. ದಂಡು ಬಂತು, ಮಾತ್ರೆಗಳನ್ನು ಮೂಸಿ ನೋಡಿತು, ಹೋಯಿತು.

ಕಲ್ಲು ಒಡೆಯುವ ರಂಗಪ್ಪನೊಬ್ಬ ನಿಂತ. ಅವನ ಹೆಂಡತಿ ದುರ್ಗಮ್ಮನಿಗೆ ಕ್ಷಯ. ವರ್ಷವಿಡೀ ಬಿಡದೆ ಮಾತ್ರೆ ನುಂಗಿದರೆ ಉಳಿಯುತ್ತಾಳೆ, ನಡುವೆ ಬಿಟ್ಟರೆ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಆಸ್ಪತ್ರೆಯಲ್ಲಿ ಆ ಮಾತ್ರೆ ಮುಗಿದಿತ್ತು. ಪೂರ್ತಿ ಬೆಲೆಗೆ ಕೊಳ್ಳುವುದು ಅವನ ಕೈಲಾಗದ ಮಾತು.

"ಅರ್ಧ ಬೆಲೆಗೆ ಐತಲ್ಲ, ತಗೋ," ಎಂದರು ಈರಭದ್ರಪ್ಪನವರು.

"ಅರ್ಧ ಬೆಲೆ ಮಾತ್ರೆಗೆ ಅರ್ಧ ಕಾಯ್ಲೆನೇ ವಾಸಿ ಆಗೋದು ಕಣ್ರೀ. ಮಿಕ್ಕರ್ಧಕ್ಕೆ ನಾನೇನ್ ಮಾಡ್ಲಿ?"

"ಔಷಧಿ ಎರಡೂ ಒಂದೇ ಕಣಯ್ಯಾ."

"ಒಂದೇ ಆಗಿದ್ರೆ ಹೊಳೆಯೋ ಕಾಗದ ಎಲ್ಲಿ? ಸಾವ್ಕಾರ್ರಿಗೆ ಕೊಡೋದು ಹೊಳೀತದೆ."

ಆಗ ನಮ್ಮ ವೀರರು ಬ್ರಹ್ಮಾಸ್ತ್ರ ತೆಗೆದರು: ಸಿಗರೇಟು ಪ್ಯಾಕಿನೊಳಗಿನ ಬೆಳ್ಳಿ ಕಾಗದ. ಬಸ್‌ಸ್ಟ್ಯಾಂಡಿನಲ್ಲಿ ಬಗ್ಗಿ ಬಗ್ಗಿ ಆಯ್ದು ತಂದು, ಒರೆಸಿ, ಸಂಘದ ಮಾತ್ರೆಗಳನ್ನೇ ಅದರಲ್ಲಿ ಸುತ್ತಿದರು.

"ಪೂರ್ತಿ ಬೆಲೆ ಬೊಂಬಾಯಿ ಮಾಲು. ನೀನು ಅರ್ಧ ಕೊಡು, ಮಿಕ್ಕರ್ಧ ಮಠದ ಹೆಸರಲ್ಲಿ ನಾನು ಹಾಕ್ತೀನಿ. ಯಾರಿಗೂ ಹೇಳ್ಬೇಡ," ಎಂದರು.

ಕೊರಳಲ್ಲಿ ಲಿಂಗ ಕಟ್ಟಿಕೊಂಡ ಗಂಡನ ಜೇಬಿನಲ್ಲಿ ತಂಬಾಕಿನ ವಾಸನೆ ಪತ್ತೆಹಚ್ಚಿದ ಈರಭದ್ರಪ್ಪನವರ ಹೆಂಡತಿ ವಿಮಲಮ್ಮ, "ಈ ವಯಸ್ಸಲ್ಲಿ ಇದೊಂದು ಕಲೀಬೇಕಿತ್ತಾ?" ಎಂದು ಅವರೊಡನೆ ಮಾತು ಬಿಟ್ಟರು. ಇತ್ತ ದುರ್ಗಮ್ಮ ಚೇತರಿಸಿಕೊಂಡು ಜಲ್ಲಿಬುಟ್ಟಿ ಹೊರತೊಡಗಿದಳು. ರಂಗಪ್ಪ ಗುಟ್ಟನ್ನು ಒಬ್ಬೊಬ್ಬರ ಕಿವಿಯಲ್ಲಷ್ಟೇ ಹೇಳಿ ಕಾಪಾಡಿದ್ದರಿಂದ ಇಡೀ ಕೇರಿಯೇ ಬೆಳ್ಳಿ ಮಾತ್ರೆ ಕೇಳಿಕೊಂಡು ಬಂತು. ಅಜ್ಜಂಪುರದವರು ಸೇದಿದ ಸಿಗರೇಟು ಸಾಲದೆ ಕಡೂರಿನಿಂದ ಕಾಗದ ತರಿಸಬೇಕಾಯಿತು.

ಆರು ತಿಂಗಳಾಗಿತ್ತು. ಸಂಘದ ಇನ್ಸ್‌ಪೆಕ್ಟರ್ ಜೀಪಿನಲ್ಲಿ ಬಂದು ಪೊಟ್ಟಣ ಬಿಚ್ಚಿದ.

"ಸಂಘದ ಮಾಲನ್ನ ಕದ್ದು ಮಾರೋಕೆ ಹೀಗೆ ಸುತ್ತಿದ್ದೀರಾ?"

ಅಲ್ಲೇ ಇದ್ದ ರಂಗಪ್ಪ ಅಂಗಡಿಯವರ ಮಾನ ಉಳಿಸಲು ಮುಂದೆ ನುಗ್ಗಿದ. "ಇದು ಸಂಘದ್ದಲ್ಲ ಸ್ವಾಮಿ, ಬೊಂಬಾಯಿ ಮಾಲು. ಪೂರ್ತಿ ಬೆಲೇದು. ನನ್ನ ಹೆಂಡ್ರ ಮೇಲಾಣೆ."

ಇನ್ಸ್‌ಪೆಕ್ಟರಿಗೆ ಪೂರ್ತಿ ಬೆಲೆಗೆ ಮಾರಿದ್ದಕ್ಕೆ ಸಾಕ್ಷಿಯೇ ಸಿಕ್ಕಂತಾಯಿತು. ಈರಭದ್ರಪ್ಪನವರು ಬಾಯಿ ತೆರೆದರು. ನಿಜ ಹೇಳಿದರೆ ರಂಗಪ್ಪ ನಾಳೆಯಿಂದ ಹೆಂಡತಿಗೆ ಮಾತ್ರೆ ಕೊಡುವುದಿಲ್ಲ. ಹೇಳದಿದ್ದರೆ ಮಾತ್ರೆಯೇ ಇರುವುದಿಲ್ಲ. ತೆರೆದ ಬಾಯಿ ಹಾಗೇ ಇರುವಾಗ ಡಬ್ಬಿಗಳು ಜೀಪು ಹತ್ತಿದವು.

ತರೀಕೆರೆಯ ಸಂಘದ ಕಚೇರಿಗೆ ಅಲೆದು ಈರಭದ್ರಪ್ಪನವರ ಚಪ್ಪಲಿ ಸವೆಯಿತು. ಡಬ್ಬಿ ಮರಳಲಿಲ್ಲ. ಬೇಸಿಗೆಯ ಹೊತ್ತಿಗೆ ದುರ್ಗಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕೂತು ಕೆಮ್ಮುತ್ತಿದ್ದಳು. ಸೆರಗಿನಲ್ಲಿ ರಕ್ತದ ಕಲೆ.

"ಬೆಳ್ಳಿ ಮಾತ್ರೆ ಯಾವಾಗ ಬತ್ತದೆ?" ಎಂದ ರಂಗಪ್ಪ.

ಈರಭದ್ರಪ್ಪನವರು ಆಗ ನಿಜ ಹೇಳಿದರು. "ಅದು ಸಂಘದ ಮಾತ್ರೆನೇ ಕಣಪ್ಪಾ. ಅರ್ಧ ಬೆಲೇದು."

ರಂಗಪ್ಪ ಹೆಂಡತಿಯತ್ತ ನೋಡಿದ. ಸಿಟ್ಟಾಗಲಿಲ್ಲ.

"ಅಂಗನ್ನಿ ಮತ್ತೆ," ಎಂದ. "ಅದಕ್ಕೇ ಅರ್ಧ ವಾಸಿ ಆಗಿದ್ದು."