ಎಡಚಿಯ ಬಲಗೈ ಹೊಲಿಗೆ

ಅಕ್ಕನ ಬಗ್ಗೆ ಮಕ್ಕಳಿಗಾಗಿ ನಾಲ್ಕು ಮಾತು ಬರೆದುಕೊಡಿ ಅಂತ ಶಾಲೆಯ ಮೇಷ್ಟ್ರು ಕೇಳಿದ್ದಾರೆ. ನನ್ನ ಬಗ್ಗೆ ಇದುವರೆಗೆ ಯಾರೂ ಕೇಳಿಲ್ಲ. ಇರಲಿ, ಬರೆಯುತ್ತೇನೆ.

ನಮ್ಮದು ದರ್ಜಿ ಅಂಗಡಿ. ಬೀದಿಗೆ ಅಂಗಡಿ, ಹಿಂದೆ ಮನೆ. ಅಪ್ಪ ಬಟ್ಟೆ ಕತ್ತರಿಸುತ್ತಿದ್ದರು, ಅಕ್ಕ ಹೊಲಿಯುತ್ತಿದ್ದಳು. ಅಕ್ಕ ಎಡಗೈಯವಳು. ಎಲ್ಲರೂ ಅವಳನ್ನು ಎಡಚಿ ಅಂತಲೇ ಕರೆಯುತ್ತಿದ್ದರು, ಅವಳೂ ಓ ಅನ್ನುತ್ತಿದ್ದಳು. ಅವಳ ಕೈಹೊಲಿಗೆಗೆ ಊರೆಲ್ಲ ತಲೆದೂಗುತ್ತಿತ್ತು. ನಾನಾಗ ಹನ್ನೊಂದು ವರ್ಷದವಳು. ಬೇರೆಯವರ ಅಂಗಿಗೆ ಗುಂಡಿ ಹಾಕುವುದು, ಒಳಂಚು ಮಡಚುವುದು, ಇಷ್ಟೇ ನನ್ನ ಪಾಲಿಗೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನಾನು ಆ ಗಿಡ.

ಆಗ ಪರದೇಶದವರ ಸರ್ಕಾರ. ನಮ್ಮ ಬಾವುಟ ಹೊಲಿದವರಿಗೆ ಆರು ತಿಂಗಳು ಜೈಲು. ಹಾಗಿದ್ದೂ ಬಣ್ಣ ಹಾಕಿದ ಬಟ್ಟೆ ಗುಟ್ಟಾಗಿ ನಮ್ಮ ಅಂಗಡಿಗೆ ಬರುತ್ತಿತ್ತು. ಮಿಷನ್ ಸದ್ದು ಬೀದಿಗೆ ಕೇಳಿಸುತ್ತದೆಂದು ನಾಲ್ಕೂ ಅಂಚನ್ನು ಕೈಯಲ್ಲೇ ಹೊಲಿಯಬೇಕಿತ್ತು. ನಾನೂ ಹೊಲಿಯುತ್ತೇನೆ ಅಂತ ಅಪ್ಪನನ್ನು ಎಷ್ಟು ಸಲ ಕೇಳಿದೆನೋ. ಅವರು ತಲೆ ಎತ್ತದೆ, ಅಕ್ಕ ಇದ್ದಾಳಲ್ಲ ಅಂದರು. ನನ್ನ ಹೊಟ್ಟೆ ಉರಿದು ಬೂದಿಯಾಯಿತು.

ಒಂದು ಮಧ್ಯಾಹ್ನ ಅಪ್ಪ ಗೋಡೆಗೆ ಒರಗಿ ತೂಕಡಿಸುತ್ತಿದ್ದರು, ಅಕ್ಕ ನೀರಿಗೆ ಹೋಗಿದ್ದಳು, ಅಲ್ಲಿಂದ ಇನ್ನೆಲ್ಲಿಗೋ. ಅವಳು ಹೊಲಿದು ಮುಗಿಸಿದ್ದ ಬಾವುಟ ಹಳೇ ಕೋಟುಗಳ ಗಂಟಿನಲ್ಲಿತ್ತು. ತೆಗೆದು, ಅಂಚಿನ ದಾರವನ್ನೆಲ್ಲ ಬಿಚ್ಚಿ, ನಾನೇ ಹೊಲಿದೆ. ಬೆರಳಿಗೆ ಸೂಜಿ ಚುಚ್ಚಿತು, ಲೆಕ್ಕಿಸಲಿಲ್ಲ. ರಾತ್ರಿ ಚಳವಳಿಯವರು ಬಂದು ಗಂಟು ಒಯ್ದರು. ಮರುದಿನ ಬೆಳಿಗ್ಗೆ ಅದು ಸರ್ಕಾರಿ ಕಚೇರಿಯ ಮೇಲೆ ಹಾರುತ್ತಿತ್ತು. ಜನ ಎಡಚಿಯ ಕೈಗುಣ ಅಂತ ಪಿಸುಗುಟ್ಟಿದರು. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು.

ಸಂಜೆಗೆ ಇನ್ಸ್‌ಪೆಕ್ಟರು ಆ ಬಾವುಟ ಹಿಡಿದುಕೊಂಡು ಅಂಗಡಿಗೆ ಬಂದ. ಅವನೂ ದರ್ಜಿಯ ಮಗನೇ. ಹಾವಿನ ಹೆಜ್ಜೆ ಹಾವೇ ಬಲ್ಲದು. ಅಕ್ಕ ಹೊಲಿದ ಅಂಗಿಯನ್ನು ಬಾವುಟದ ಪಕ್ಕ ಇಟ್ಟು ನೋಡಿದ. ಎಡಗೈಯವರ ಹೊಲಿಗೆ ಒಂದು ಕಡೆ ಓರೆಯಾದರೆ ಬಲಗೈಯವರದು ಇನ್ನೊಂದು ಕಡೆ. ಬಾವುಟದ್ದು ಬಲಗೈ ಹೊಲಿಗೆ. ಇದು ನಿನ್ನ ಕೆಲಸವಲ್ಲ ಅಂತ ಅಕ್ಕನಿಗೆ ಹೇಳಿ ಹೊರಡಲು ಎದ್ದ. ಏಳುವಾಗ ನನ್ನ ತೊಡೆಯ ಮೇಲಿದ್ದ ಅಂಗಿ ಅವನ ಕಣ್ಣಿಗೆ ಬಿತ್ತು.

"ಇದು ಯಾರ ಹೊಲಿಗೆ?"

ಹುಟ್ಟಿದಾಗಿನಿಂದ ಯಾರಾದರೂ ಕೇಳಲಿ ಅಂತ ಕಾದಿದ್ದ ಮಾತು ಅದು.  ನಾನು ತಲೆ ತಗ್ಗಿಸಿ ಅಂಗಿ ಮಡಚತೊಡಗಿದೆ.

"ನಂದೇ ಸಾರ್," ಅಂದಳು ಅಕ್ಕ. "ಎಡಗೈ ನೋವು ಬಂದಾಗ ಬಲಗೈಲಿ ಹೊಲೀತೀನಿ."

ಅವನು ಸೂಜಿ ಕೊಟ್ಟ. ಅಕ್ಕ ಬಲಗೈಯಲ್ಲಿ ಹಿಡಿದು ಒಂದು ಗೇಣು ಹೊಲಿದಳು. ಥೇಟ್ ನನ್ನದೇ ಹೊಲಿಗೆ. ನಾನು ಚಿಕ್ಕವಳಿದ್ದಾಗ ಅವಳ ಎಡಗೈ ನೋಡಿ ಕಲಿಯಲು ನನಗೆ ಆಗುತ್ತಿರಲಿಲ್ಲ. ನನಗೆ ಕಲಿಸಲೆಂದೇ ಅವಳು ಮೊದಲು ತನ್ನ ಬಲಗೈಗೆ ಕಲಿಸಿದ್ದಳು.

ಪೊಲೀಸರು ಅಕ್ಕನನ್ನು ಕರೆದುಕೊಂಡು ಹೋದರು. ಮಾಡಿದ್ದುಣ್ಣೋ ಮಹರಾಯ ಅಂತ ಗಾದೆ. ನಮ್ಮ ಮನೆಯಲ್ಲಿ ಮಾಡಿದವಳು ನಾನು, ಉಂಡವಳು ಅಕ್ಕ. ಅಪ್ಪನಿಗೆ ಎಲ್ಲ ತಿಳಿಯಿತು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

ಆರು ತಿಂಗಳಿಗೆ ಅಕ್ಕ ಬಂದಾಗ ಬೀದಿ ತುಂಬ ಜನ. ಹೂವೇನು, ಜೈಕಾರವೇನು. ನನ್ನ ಹೊಲಿಗೆಗೆ ಅವಳಿಗೆ ಹಾರ! ಇಷ್ಟಾದ ಮೇಲೂ ನನಗೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಜನ ಚದುರಿದ ಮೇಲೆ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದಳು.

"ನಿನ್ನ ಹೊಲಿಗೆ ನಂದಕ್ಕಿಂತ ಚೆನ್ನಾಗಿತ್ತು ಕಣೇ. ನಂಗೆ ಹೊಟ್ಟೆಕಿಚ್ಚು ಬಂತು, ಅದಕ್ಕೇ ನಂದು ಅಂದ್ಬಿಟ್ಟೆ."

ನಾನು ಅದನ್ನು ನಂಬಿದೆ. ಎಷ್ಟೋ ವರ್ಷ ಆ ಮಾತಿನ ಮೇಲೆ ಬೀಗಿಕೊಂಡು ತಿರುಗಿದೆ.

ಸ್ವಾತಂತ್ರ್ಯ ಬಂದ ಮೇಲೆ ಹಳೇ ಕೇಸುಗಳ ಸಾಮಾನು ಹಿಂದಿರುಗಿಸಿದರು. ಅದರಲ್ಲಿ ಆ ಬಾವುಟವೂ ಇತ್ತು. ಅಷ್ಟು ಹೊತ್ತಿಗೆ ನಾನೂ ಪಳಗಿದ ದರ್ಜಿ. ಅಂಚು ತಿರುಗಿಸಿ ನೋಡಿದೆ. ಕೋಳಿ ಕೆರೆದ ಹಾಗಿತ್ತು. ಒಂದು ಹೊಲಿಗೆ ಉದ್ದ, ಒಂದು ಗಿಡ್ಡ, ಮೂಲೆಯಲ್ಲಿ ದಾರದ ಗಂಟು. ಒಂದು ಎಳೆ ಹೆಚ್ಚುಕಡಿಮೆಯಾದರೂ ಇಡೀ ತೋಳು ಬಿಚ್ಚಿ ಮತ್ತೆ ಹೊಲಿಯುತ್ತಿದ್ದ ನಮ್ಮ ಎಡಚಿ, ದರ್ಜಿಯ ಮಗನೊಬ್ಬನ ಎದುರು ಕೂತು ಬೇಕಂತಲೇ ಹೀಗೆ ಹೊಲಿದು, ಇದು ನಂದೇ ಅಂದಿದ್ದಳು.

ಅವಳ ಜಾಗದಲ್ಲಿ ನಾನಿದ್ದಿದ್ದರೆ ಹಾಗೆ ಅನ್ನುತ್ತಿರಲಿಲ್ಲ. ಅವಳ ಮೇಲೆ ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ.