ಗಂಗಮ್ಮನ ಪಾಲಿನ ಮೂರು ಗೂಡು

ಅತ್ತೆಯ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಪಾಪು ಮಲಗಿದೆ, ಕುಕ್ಕರ್ ಕೂಗುವಷ್ಟರಲ್ಲಿ ಬರೆದುಬಿಡುತ್ತೇನೆ.

ನಮ್ಮತ್ತೆ ಗಂಗರತ್ನಮ್ಮ ರೇಷ್ಮೆಹುಳ ಸಾಕುವುದರಲ್ಲಿ ಮುಳಬಾಗಿಲಿನ ಈ ಕಡೆಗೆಲ್ಲಾ ಹೆಸರಾದವರು. ಹುಳ ಎಲೆ ಮೇಯುವ ಸದ್ದನ್ನು ಬಾಗಿಲಲ್ಲೇ ನಿಂತು ಕೇಳಿ, 'ಸಾಲ್ದು, ಇನ್ನೊಂದು ಪುಟ್ಟಿ ಸೊಪ್ಪು ಹಾಕು' ಅನ್ನುತ್ತಾರೆ. ಒಂದು ಸಲವೂ ತಪ್ಪಿಲ್ಲ.

ನಾಲ್ಕು ವರ್ಷದ ಹಿಂದೆ ಮಾವ ಕಾಮಾಲೆಯಾಗಿ ಆಸ್ಪತ್ರೆ ಸೇರಿದಾಗ ನೆಂಟರೆಲ್ಲ ಫೋನಿನಲ್ಲೇ ವಿಚಾರಿಸಿದರು. ದಿನಾ ಬಂದು ಗಂಜಿ ಕುಡಿಸಿದವರು ಪ್ರಾರ್ಥನೆ ಮನೆಯ ಪಾಸ್ಟರ್ ಕದಿರೇಶ್. ಮಾವ ಉಳಿಯಲಿಲ್ಲ. ಆದರೂ ಅತ್ತೆ ದೀಕ್ಷಾಸ್ನಾನ ತೆಗೆದುಕೊಂಡರು. 'ಏಸಪ್ಪ ಗುಣ ಮಾಡ್ಲಿಲ್ಲ, ನಿಜ. ಜೊತೇಲಿ ಕೂತಿದ್ದ' ಅಂದರು.

ತಿಂಗಳ ಮೊದಲ ಭಾನುವಾರ ಅಲ್ಲಿ ಕರ್ತನ ಮೇಜು. ಏಸುವಿನ ಕೊನೆಯ ಊಟದ ನೆನಪಿಗೆ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಿರಸ. ಅವತ್ತು ಅತ್ತೆ ಬೆಳಿಗ್ಗೆ ಕಾಫಿಯನ್ನೂ ಮುಟ್ಟುವುದಿಲ್ಲ. ಆ ಚೂರಿಗಾಗಿ ತಿಂಗಳೆಲ್ಲಾ ಕಾಯುತ್ತಾರೆ.

ಆದರೆ ರೇಷ್ಮೆಗೂಡು ಬಿಡಿಸುವ ದಿನ ಮೊದಲು ಕೈಗೆ ಬಂದ ಮೂರು ಗೂಡನ್ನು ಹಳೇ ಬಾವಿ ಹತ್ತಿರದ ಊರ ದೇವತೆ ಗಂಗಮ್ಮನ ಕಲ್ಲಿನ ಮೇಲೆ ಇಡುವುದನ್ನು ಮಾತ್ರ ಬಿಡಲಿಲ್ಲ. ಹೋದ ತಿಂಗಳು ಪಾಸ್ಟರ್ ನಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗಲೇ ಪಕ್ಕದ ಮನೆ ಚಿಕ್ಕಗಂಗಮ್ಮ ಕೂಗಿದರು: "ಏನ್ ಗಂಗರತ್ನಕ್ಕಾ, ಏಸುಗೂ ಹಾಜರಿ, ಗಂಗಮ್ಮಂಗೂ ಹಾಜರಿ! ಡಬಲ್ ಡ್ಯೂಟೀನಾ?"

ಪಾಸ್ಟರ್ ಲೋಟ ಕೆಳಗಿಟ್ಟರು. "ನಿಜಾನಾ ಅಮ್ಮಾ?"

"ಕೈ ಮುಗಿಯಲ್ಲ ಅಯ್ಯನೋರೇ. ಇಡ್ತೀನಿ ಅಷ್ಟೆ. ಬೇರೆ ಮನೆಗೆ ಹೋದ್ಮೇಲೂ ಹಳೇ ಅಕ್ಕಪಕ್ಕದೋರಿಗೆ ಹಬ್ಬದ ಒಬ್ಬಟ್ಟು ಕಳಿಸಲ್ವಾ?"

ನನಗೆ ನಗು ಬಂತು. ಪಾಸ್ಟರಿಗೆ ಬರಲಿಲ್ಲ. "ನಮ್ಮಮ್ಮನೂ ಗಂಗಮ್ಮಂಗೆ ದೀಪ ಹೊತ್ತೋಳೇ. ಬಿಡೋದು ಕಷ್ಟ ಅಂತ ನಂಗೊತ್ತು. ಆದ್ರೆ ಆ ಪದ್ಧತಿ ಇಟ್ಕೊಂಡು ಕರ್ತನ ಮೇಜಿಗೆ ಬರಬೇಡಿ ಅಮ್ಮಾ."

ಮೊನ್ನೆ ಗುರುವಾರ ಗೂಡು ಬಿಡಿಸಿದೆವು. ಅತ್ತೆ ಮೂರು ಗೂಡು ತಂದು ನನ್ನ ಅಂಗೈಯಲ್ಲಿಟ್ಟರು. "ಮೌನಿಕಾ, ನೀನು ದೀಕ್ಷಾಸ್ನಾನ ತಗೊಂಡಿಲ್ವಲ್ಲ. ನೀನು ಇಟ್ಟು ಬಾ."

"ನಂಗೆ ನಂಬಿಕೆ ಇದ್ಯಾ ಅಂತ ಕೇಳಿದ್ರಾ ಅತ್ತೆ?"

"ಊರುಕೋಮ್ಮಾ" ಅಂದರು. ಸುಮ್ಮನಿರು ಅನ್ನಬೇಕಾದಾಗ ಅವರಿಗೆ ತೆಲುಗೇ ಬರುವುದು.

ನನ್ನ ಗಂಡ ನರೇಶನಿಗೆ ಹೇಳಿದೆ. "ಮೂರು ಗೂಡು ತಾನೇ, ಇಟ್ಬಿಡೇ" ಅಂತ ಫೋನು ನೋಡುತ್ತಲೇ ಅಂದ. ಈ ಮನೆಯಲ್ಲಿ ದೇವರ ವಿಷಯ ಯಾರಿಗೆ ಏನೇ ಇರಲಿ, ಕೊನೆಗೆ ನಡೆದು ಹೋಗಬೇಕಾದ ಕಾಲು ನನ್ನದೇ. ಪಾಪುವನ್ನು ಸೊಂಟಕ್ಕೆ ಹಾಕಿಕೊಂಡು ಹೋಗಿ ಇಟ್ಟೆ. ಇಟ್ಟವಳು ಸುಮ್ಮನೆ ಬರಬಾರದಿತ್ತಾ? 'ಪಾಪು ಕೆಮ್ಮು ಹೋಗ್ಲಿ ತಾಯಿ' ಅಂತ ಬಾಯಿಂದ ಬಂದೇಬಿಟ್ಟಿತು. ನನ್ನ ಮೇಲೆ ನನಗೇ ರೇಗಿತು.

ಇವತ್ತು ಮೊದಲ ಭಾನುವಾರ. ಅತ್ತೆ ಬಿಳಿ ಸೀರೆ ಉಟ್ಟು ಹೊರಟರು. ಮಧ್ಯಾಹ್ನ ಬಂದವರ ಮುಖ ನೋಡಿದ ಕೂಡಲೇ ಗೊತ್ತಾಯಿತು.

"ಪಾಸ್ಟರ್ ಕೇಳಿದ್ರಾ?"

"ಕೇಳ್ಲಿಲ್ಲ. ರೊಟ್ಟಿ ತಟ್ಟೆ ಹತ್ರ ಬಂತು. ನಾನೇ ಹೇಳ್ದೆ, ಸೊಸೆ ಕೈಲಿ ಇಡಿಸ್ದೆ ಅಂತ."

"ಯಾಕತ್ತೆ? ಬಾಯಿ ಮುಚ್ಕೊಂಡಿದ್ರೆ ಆಗ್ತಿರ್ಲಿಲ್ವಾ?"

"ಆ ರೊಟ್ಟಿ ಮುಂದೆ ಹೆಂಗಮ್ಮ ಮುಚ್ಕೊಳ್ಳೋದು?"

ಪಾಸ್ಟರ್ ಬೈಯಲಿಲ್ಲವಂತೆ. ಅವರ ಕಣ್ಣಲ್ಲೂ ನೀರಿತ್ತಂತೆ. ತಟ್ಟೆ ಅತ್ತೆಯನ್ನು ದಾಟಿ ಮುಂದಕ್ಕೆ ಹೋಯಿತಂತೆ.

"ಮತ್ತೆ ನನ್ನ ಯಾಕೆ ಕಳಿಸಿದ್ರಿ?" ಎಂದು ಕೂಗಿಬಿಟ್ಟೆ. ಪಾಪು ಎದ್ದು ಅಳತೊಡಗಿತು. ಅತ್ತೆಯೇ ಎತ್ತಿಕೊಂಡು ಬೆನ್ನು ತಟ್ಟಿ ಮಲಗಿಸಿದರು.

"ತಪ್ಪಾಯ್ತು. ಮುಂದಿನ ಬೆಳೆಗೆ ನಾನೇ ಇಡ್ತೀನಿ. ಭಾನುವಾರ ಹೋಗೋದೂ ಬಿಡಲ್ಲ."

"ತಟ್ಟೆ ಬಂದ್ರೆ?"

"ಕೈ ಮಡಚ್ಕೊಂಡು ಕೂತಿರ್ತೀನಿ."

ಒಂದನ್ನು ಬಿಡಿ ಅಂತ ಹೇಳಬೇಕು ಅನ್ನಿಸುತ್ತೆ. ಯಾವುದನ್ನು ಅಂತ ಕೇಳಿದರೆ ನನಗೇ ಗೊತ್ತಿಲ್ಲ. ಕುಕ್ಕರ್ ಕೂಗಿತು. ಎದ್ದು ಮುದ್ದೆ ತಿರುವಬೇಕು, ಬೆಳಗಿನಿಂದ ಅವರ ಹೊಟ್ಟೆಗೆ ಏನೂ ಬಿದ್ದಿಲ್ಲ.