ಸಾಹುಕಾರರ ಎಡಗಣ್ಣು

ತರಕಾರಿ ಮಂಡಿಯಲ್ಲಿ ಬಾಯಿ ಇರುವುದು ಹರಾಜು ಕೂಗುವವನಿಗೆ ಮಾತ್ರ. ಕೊಳ್ಳುವವರೆಲ್ಲ ಮೂಕರು. ತನಗೆ ಬೇಕಾದ ರಾಶಿ ಯಾವುದೆಂದು ಪಕ್ಕದವನಿಗೆ ಗೊತ್ತಾಗಬಾರದಲ್ಲ, ಅದಕ್ಕೆ ಒಬ್ಬೊಬ್ಬರದು ಒಂದೊಂದು ಗುಟ್ಟಿನ ಸನ್ನೆ. ಒಬ್ಬ ಕಿವಿ ಕೆರೆಯುತ್ತಾನೆ, ಇನ್ನೊಬ್ಬ ಮೂಗು ಒರೆಸುತ್ತಾನೆ. ಆಲೂಗಡ್ಡೆ ಸಾಹುಕಾರರದು ಎಡಗಣ್ಣು. ಅದನ್ನು ಅರೆ ಮುಚ್ಚಿದರೆ ರಾಶಿ ಅವರದು. ಹರೆಯದಿಂದ ಈವರೆಗೆ ಆ ಕಣ್ಣು ಒಂದು ಕೊಳೆತ ಗಡ್ಡೆಗೂ ಮುಚ್ಚಿದ್ದಿಲ್ಲ. ಈ ಮಾತನ್ನು ಮಂಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಹೇಳಿದವರು ಸಾಹುಕಾರರೇ.

ಇಂಥ ಮನುಷ್ಯ ಸುಮ್ಮನಿರಬೇಕಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡರು. ಕಾರಣ ಷಡ್ಡಕ. ಹೆಂಡತಿಯ ತಂಗಿಯ ಗಂಡನಾದರೂ ವಯಸ್ಸಿನಲ್ಲಿ ಸಾಹುಕಾರರಿಗಿಂತ ಒಂದು ಕೈ ಮುಂದೆಯೇ. ಹಣೆ ಮಾತ್ರ ಇಸ್ತ್ರಿ ಮಾಡಿದ ಹಾಗೆ. ಒಂದು ಮದುವೆಯಲ್ಲಿ ಯಾರೋ ಪುಣ್ಯಾತ್ಮ ಇಬ್ಬರನ್ನೂ ಒಟ್ಟಿಗೆ ನೋಡಿ, ಇವರು ನಿಮ್ಮ ತಂದೆಯವರೇ ಎಂದು ಷಡ್ಡಕನನ್ನು ಕೇಳಿಬಿಟ್ಟ. ಷಡ್ಡಕ ಅಲ್ಲವೆನ್ನುವ ಮೊದಲು ಹೊಟ್ಟೆ ತುಂಬ ನಕ್ಕ. ಆವತ್ತು ಸಾಹುಕಾರರಿಗೆ ಊಟ ಸೇರಲಿಲ್ಲ.

ಮುಂದಿನ ವಾರ ಹೆಂಡತಿಗೆ ಹಲ್ಲುನೋವೆಂದು ಸುಳ್ಳು ಹೇಳಿ, ಚರ್ಮದ ಕ್ಲಿನಿಕ್ಕಿಗೆ ಹೋಗಿ, ಹಣೆಯ ಗೆರೆ ಅಳಿಸುವ ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದರು. ಯಾವ ಕಾರಣಕ್ಕೂ ಹಣೆ ಉಜ್ಜಬೇಡಿ ಎಂದು ಡಾಕ್ಟರಮ್ಮ ಒತ್ತಿ ಒತ್ತಿ ಹೇಳಿದ್ದರು. ಸಾಹುಕಾರರು ಮನೆಗೆ ಬಂದವರೇ ಬಚ್ಚಲಿನ ಕನ್ನಡಿಯ ಮುಂದೆ ನಿಂತು, ಗೆರೆ ಹೋಯಿತೇ ಎಂದು ಹಣೆಯನ್ನು ಚೆನ್ನಾಗಿ ತೀಡಿ ನೋಡಿದರು.

ಕೆಲವು ದಿನಕ್ಕೆ ಗೆರೆಯೇನೋ ಹೋಯಿತು. ಅದರ ಜೊತೆಗೆ ಎಡಗಣ್ಣಿನ ರೆಪ್ಪೆಯೂ ಜೋತುಬಿತ್ತು. ನಿದ್ದೆ ಸಾಲದೆ ಹೀಗಾಗಿದೆ ಎಂದುಕೊಂಡು ಮಂಡಿಗೆ ಹೋದರು. ಮೊದಲ ರಾಶಿ ಮೊಳಕೆ ಬಂದ ಆಲೂಗಡ್ಡೆ. ಕೂಗುವವನು ಇವರ ಕಣ್ಣು ನೋಡಿದ, ಇವರಿಗೇ ಬಿಟ್ಟ. ಎರಡನೆಯದು ಹಸಿರು ತಿರುಗಿದ್ದು, ಅದೂ ಇವರಿಗೇ. ಆಮೇಲೆ ನೀರು ಸೋರುವ ಮೂಟೆಗಳು. ಅದಾದ ಮೇಲೆ, ಜನ್ಮದಲ್ಲಿ ಇವರು ಕೊಳ್ಳದ ಸೋರೆಕಾಯಿ. ರೆಪ್ಪೆ ಎತ್ತಲೆಂದು ಹುಬ್ಬು ಏರಿಸಹೋದರೆ ಅದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಬೇಡವೆಂದು ಬಾಯಿಬಿಟ್ಟರೆ ಕಾರಣ ಹೇಳಬೇಕು. ಹೇಳಿದರೆ ತರಕಾರಿಗಿಂತ ಮೊದಲು ಇವರ ಮಾನ ಹರಾಜಾಗುತ್ತದೆ. ತೆಪ್ಪಗೆ ನಿಂತು ಎಲ್ಲವನ್ನೂ ಕೊಂಡರು.

ಉಜ್ಜಿದ್ದಕ್ಕೆ ಔಷಧಿ ಕೆಳಗಿಳಿದಿದೆ, ತಾನಾಗಿಯೇ ಸರಿಹೋಗುವವರೆಗೆ ಕಾಯಬೇಕು ಎಂದರು ಡಾಕ್ಟರಮ್ಮ. ಕಾಯುವುದೇನೋ ಸರಿ, ಅಲ್ಲಿಯವರೆಗೆ ಮಂಡಿಯಲ್ಲಿ ನಿಲ್ಲುವುದು ಹೇಗೆ? ಕಪ್ಪು ಕನ್ನಡಕ ಹಾಕಿಕೊಂಡು ಹೋದರೆ, ಕಣ್ಣು ಕಾಣದೆ ವ್ಯಾಪಾರವಿಲ್ಲ, ತೆಗೆಯಿರಿ ಎಂದ ಕೂಗುವವನು. ತೆಗೆದದ್ದೇ ತಡ, ಇನ್ನೊಂದು ಕೊಳೆತ ರಾಶಿ ತಲೆಗೆ ಕಟ್ಟಿತು. ಕೊನೆಗೆ ಅವನಿಗೇ ಅನುಮಾನ ಬಂದು, ಎಲ್ಲರ ಎದುರಿಗೇ ಏನಾಯಿತೆಂದು ಕೇಳಿದ.

ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬಹುದಿತ್ತು. ಒಂದು ದಿನ ನಗುತ್ತಿದ್ದರು, ಮರುದಿನ ಮರೆಯುತ್ತಿದ್ದರು. ಆದರೆ ಸುದ್ದಿ ಷಡ್ಡಕನ ಕಿವಿಗೆ ಬಿದ್ದರೆ?

"ಲಕ್ವ ಹೊಡೀತಪ್ಪ," ಎಂದುಬಿಟ್ಟರು ಸಾಹುಕಾರರು.

ಅಯ್ಯೋ, ಆಮೇಲಿನ ಉಪಚಾರ ನೋಡಬೇಕಿತ್ತು! ಕೊಳೆತ ರಾಶಿಗಳನ್ನೆಲ್ಲ ಮಂಡಿಯವರು ಮರುಮಾತಿಲ್ಲದೆ ವಾಪಸು ತೆಗೆದುಕೊಂಡರು. ಇಬ್ಬರು ತೋಳು ಹಿಡಿದು ಮನೆಗೆ ಬಿಟ್ಟುಬಂದರು. ಹಲ್ಲುನೋವು ಅಂದಾಗಲೇ ನನಗೆ ಹೊಳೆಯಲಿಲ್ಲವಲ್ಲ ಎಂದು ಹೆಂಡತಿ ಹಣೆ ಹಣೆ ಬಡಿದುಕೊಂಡು ಉಪ್ಪಿಲ್ಲದ ಗಂಜಿ ಕುಡಿಸಿದಳು. ಷಡ್ಡಕ ದಿನಾ ಬಂದು ಕೈಹಿಡಿದು ಬಚ್ಚಲಿಗೆ ಕರೆದೊಯ್ದ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಸಮಾಧಾನ ಬೇರೆ ಹೇಳಿದ. ಚಿಕ್ಕವನಾಗಿ ಕಾಣಲು ಹೋದ ಮನುಷ್ಯ ಕೋಲೂರಿಕೊಂಡು ನಡೆದರು, ಯಾಕೆಂದರೆ ಸುಳ್ಳಿಗೂ ಒಂದು ಮರ್ಯಾದೆ ಬೇಕಲ್ಲ.

ಕೊನೆಗೂ ರೆಪ್ಪೆ ಎದ್ದಿತು. ಸಾಹುಕಾರರು ಕೋಲು ಬಿಸಾಕಿ ಮಂಡಿಗೆ ಓಡಿದರು. ಬಂಗಾರದಂಥ ಆಲೂಗಡ್ಡೆ ಬಂದಿತ್ತು. ಎಡಗಣ್ಣು ಅರೆ ಮುಚ್ಚಿದರು. ಕೂಗುವವನು ನೋಡಿದ, ಪಾಪ ಎನ್ನುವ ಹಾಗೆ ತಲೆಯಾಡಿಸಿ, ರಾಶಿಯನ್ನು ಪಕ್ಕದವನಿಗೆ ಬಿಟ್ಟ. ಮತ್ತೊಂದು ರಾಶಿಗೆ ಮುಚ್ಚಿದರು. ಅದೂ ಹೋಯಿತು. ಒಂದು ಆಯುಷ್ಯ ದುಡಿದ ಕಣ್ಣು ಈಗ ಬರೀ ರೋಗಿಯ ಕಣ್ಣು. ಸಾಹುಕಾರರಿಗೆ ಹೊಟ್ಟೆ ಉರಿದುಹೋಯಿತು. ಕೊಳ್ಳುವವರು ಬಾಯಿ ತೆರೆಯದ ಆ ಜಾಗದಲ್ಲಿ ಗಂಟಲು ಹರಿಯುವಂತೆ ಕೂಗಿದರು.

"ಲಕ್ವ ಅಲ್ಲ ಕಣಯ್ಯಾ! ಚೆಂದ ಕಾಣ್ಲಿ ಅಂತ ಹಣೆಗೆ ಸೂಜಿ ಚುಚ್ಚಿಸ್ಕೊಂಡಿದ್ದೆ. ಔಷಧಿ ಕಣ್ಣಿಗೆ ಇಳೀತು, ಅಷ್ಟೇ!"

ಒಬ್ಬನೂ ನಗಲಿಲ್ಲ. ಕೂಗುವವನು ಕಟ್ಟೆಯಿಂದ ಇಳಿದು ಬಂದು, ಕುರ್ಚಿ ಎಳೆದು, ಸಾಹುಕಾರರ ಭುಜ ಹಿಡಿದು ಮೆಲ್ಲಗೆ ಕೂರಿಸಿದ.

"ಮನೆಯವರಿಗೆ ಒಂದು ಫೋನ್ ಮಾಡ್ರಪ್ಪ," ಎಂದ. "ಲಕ್ವ ತಲೆಗೂ ಹತ್ತಿದೆ."